ಅಡುಗೆಮನೆ ಗೋಡೆಯ ಪಿನ್‌ಬಾಲ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಹೇಳುವುದು ಕೊಟ್ಟೂರಿನಲ್ಲಿ ಅವನ ಓಣಿಯ ಅರ್ಧ ಜನ. ಉಳಿದರ್ಧ ಜನ ಯಾಕೆ ಹೇಳುವುದಿಲ್ಲವೆಂದರೆ, ಸಂಜೆಯಾದರೆ ಅವರೆಲ್ಲ ಮಾವನ ಪಡಸಾಲೆಯಲ್ಲಿ ಸರದಿಗೆ ನಿಂತಿರುತ್ತಾರೆ. ಸರದಿಯಲ್ಲಿ ನಿಂತವರು ಯಜಮಾನನ ತಲೆಯ ವಿಷಯ ಎತ್ತಿದರೆ ಸರದಿ ತಪ್ಪುತ್ತದೆ. ಈ ನಿಯಮವನ್ನು ಅವನೇ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದಾನೆ. ಅದರ ಕೆಳಗೆ ಇನ್ನೂ ಎರಡು ನಿಯಮಗಳಿವೆ: ಮಿರ್ಚಿ ತಿಂದ ಕೈಯಲ್ಲಿ ಮುಟ್ಟಬಾರದು, ಗುಂಡು ಕೈತಪ್ಪಿದರೆ ಬೈಯಬಾರದು. ಎರಡನ್ನೂ ಮೊದಲು ಮುರಿಯುವವನು ಅವನೇ!

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗಣಿತ ಕಲಿಸುತ್ತೇನೆ. ಆಟ ಎಂದರೆ ನನಗೆ ಅಷ್ಟಕ್ಕಷ್ಟೆ. ಆಟದ ಪಿರಿಯಡ್ಡುಗಳನ್ನೂ ಕಸಿದುಕೊಂಡು ಲೆಕ್ಕ ಮಾಡಿಸಿದವಳೆಂಬ ಕೆಟ್ಟ ಹೆಸರು ನನಗಿದೆ, ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಭಾನುವಾರ ಬಸ್ಸು ಹಿಡಿದು ಕೊಟ್ಟೂರಿಗೆ ಬರುವುದು ಮಾವನ ಆಟ ನೋಡಲು ಅಲ್ಲ, ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅತ್ತೆಯನ್ನು ನೋಡಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾವನದು ಮೋಟಾರು ರಿವೈಂಡಿಂಗ್ ಕಸುಬು. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಯಾರ ಬೋರ್‌ವೆಲ್ಲಿನ ಮೋಟಾರು ಸುಟ್ಟರೂ ಅದು ಅವನ ಅಂಗಡಿಗೆ ಬಂದು ಬೀಳುತ್ತಿತ್ತು. ಸುಟ್ಟ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿ ಜೀವ ಕೊಡುತ್ತಿದ್ದ. ಮೋಟಾರಿನ ಬೇರಿಂಗ್ ಹೇಗಿದೆ ಎಂದು ತಿಳಿಯಲು ಅವನದೊಂದು ಪದ್ಧತಿ ಇದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಊರುತ್ತಾನೆ. ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚುತ್ತಾನೆ. ಆಮೇಲೆ ತೀರ್ಪು ಹೇಳುತ್ತಾನೆ. ಇದು ಮೋಟಾರಿಗೆ ಸೀಮಿತವಾಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಒಮ್ಮೆ ಹಡಗಲಿಯಿಂದ ಬರುವ ಖಾಸಗಿ ಬಸ್ಸಿನಲ್ಲಿ ಸೀಟಿನ ಸರಳಿಗೆ ಸ್ಕ್ರೂಡ್ರೈವರ್ ಊರಿ, ಕಣ್ಣು ಮುಚ್ಚಿ, ಈ ಗಾಡಿ ಊರು ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದನಂತೆ. ಕಂಡಕ್ಟರು ಅವನನ್ನು ಅಲ್ಲೇ ಇಳಿಸಿದ. ಎರಡು ಮೈಲಿ ಮುಂದೆ ಬಸ್ಸು ಕೆಟ್ಟು ನಿಂತಿತ್ತು. ಮಾವ ನಡೆದು ಬಂದು, ಅದನ್ನು ದಾಟಿ, ತಿರುಗಿಯೂ ನೋಡದೆ ಮುಂದೆ ಹೋದನಂತೆ. ಇದನ್ನು ಹೇಳಿದವನು ಮಾವನೇ ಆದ್ದರಿಂದ ಅರ್ಧ ಕಳೆದು ಓದಿಕೊಳ್ಳಿ.

ಅಂಗಡಿಯನ್ನು ಶಿಷ್ಯನೊಬ್ಬನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ವರ್ಷವೇ ಅವನು ಈ ಯಂತ್ರ ತಂದದ್ದು. ಸಂಡೂರಿನ ಕಡೆ ಒಂದು ಹಳೆಯ ಕ್ಲಬ್ಬಿನ ಕಟ್ಟಡ ಕೆಡವುತ್ತಿದ್ದರು. ಅಲ್ಲಿನ ನೀರಿನ ಮೋಟಾರು ಬಿಚ್ಚಿ ತರಲು ಹೋದವನು ಮೋಟಾರು ಬಿಟ್ಟು, ಮೂಲೆಯಲ್ಲಿ ಧೂಳು ಹಿಡಿದಿದ್ದ ಎರಡು ಪಿನ್‌ಬಾಲ್ ಯಂತ್ರಗಳನ್ನು ಮೆಕ್ಕೆಜೋಳದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಒಂದು ಬದುಕುವ ಹಾಗಿತ್ತು. ಇನ್ನೊಂದರ ಅಂಗಾಂಗ ಕಿತ್ತು ಇದಕ್ಕೆ ಹಾಕಿದ. ಗುಂಡು ಓಡಿಸುವ ಕಾಯಿಲುಗಳಲ್ಲಿ, ಅಂದರೆ ತಂತಿಯ ಸುರುಳಿಗಳಲ್ಲಿ, ಸುಟ್ಟವನ್ನು ತಾನೇ ಸುತ್ತಿದ. ಬೋರ್‌ವೆಲ್ಲಿನ ಕೈ ಅಲ್ಲವೇ, ಜೋರು ಹೆಚ್ಚೇ ಆಯಿತು. ಮೊದಲ ದಿನ ಗುಂಡು ಗಾಜು ಒಡೆದುಕೊಂಡು ಮೇಲೆ ಹಾರಿ ತೊಲೆಗೆ ಬಡಿಯಿತು!

ನೋಡದವರಿಗಾಗಿ ಹೇಳುತ್ತೇನೆ. ನಾಲ್ಕು ಕಾಲಿನ ಮೇಲೆ ಇಳಿಜಾರಾಗಿ ನಿಂತ ಮರದ ಪೆಟ್ಟಿಗೆ, ಮೇಲೆ ಗಾಜು, ಒಳಗೊಂದು ಉಕ್ಕಿನ ಗುಂಡು. ಒಂದು ಆಟಕ್ಕೆ ಅದನ್ನು ಮೂರು ಸಲ ಬಿಡಬಹುದು, ಅದಕ್ಕೆ ಮೂರು ಗುಂಡು ಎನ್ನುತ್ತಾರೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಓಡಿ, ಅಣಬೆಯಂಥ ಗುಬುಟುಗಳಿಗೆ ಬಡಿದು, ಗಂಟೆ ಬಾರಿಸಿ, ಅಂಕ ಏರಿಸಿ ಕೆಳಗೆ ಉರುಳುತ್ತದೆ. ಕೆಳಗೆ ಎರಡು ರೆಕ್ಕೆಗಳಿವೆ. ಪೆಟ್ಟಿಗೆಯ ಎರಡೂ ಮಗ್ಗುಲಿಗೆ ಇರುವ ಬಟನ್ ಒತ್ತಿದರೆ ರೆಕ್ಕೆ ಗುಂಡನ್ನು ಮತ್ತೆ ಮೇಲಕ್ಕೆ ಎಸೆಯುತ್ತದೆ. ಆಸೆ ಹೆಚ್ಚಾಗಿ ಪೆಟ್ಟಿಗೆಯನ್ನೇ ಅಲುಗಾಡಿಸಿದರೆ 'ಟಿಲ್ಟ್' ಎಂಬ ದೀಪ ಹತ್ತಿ ಎಲ್ಲ ನಿಂತುಹೋಗುತ್ತದೆ. ಈಗ ಆ ಓಣಿಯಲ್ಲಿ ಗಂಡ ಸಿಟ್ಟು ಮಾಡಿಕೊಂಡು ಊಟ ಬಿಟ್ಟರೂ 'ಟಿಲ್ಟ್ ಆಗ್ಯಾನ' ಎನ್ನುತ್ತಾರೆ.

ಇನ್ನು ಅತ್ತೆ. ಓಣಿಗೆ ಅವಳ ಜಗಲಿಯೇ ಸುದ್ದಿಯ ಕಟ್ಟೆ. ಯಾರ ಸೊಸೆಗೆ ಯಾವ ತಿಂಗಳು, ಯಾರ ಎಮ್ಮೆ ಎಷ್ಟು ಹಾಲು, ಎಲ್ಲ ಅವಳ ಮುಂದೆಯೇ ಆಗಬೇಕು. ಅಂಥವಳ ಕಿವಿ ಮಂದವಾಗುತ್ತ ಬಂತು. ನಾವು ತಂದುಕೊಟ್ಟ ಕಿವಿಯ ಯಂತ್ರವನ್ನು ಎರಡು ದಿನ ಹಾಕಿ, ಬರೀ ಸಂತಿ ಗದ್ದಲ ಕೇಳ್ತೈತಿ ಎಂದು ಸಾಸಿವೆ ಡಬ್ಬಿಯಲ್ಲಿಟ್ಟಳು. ನನಗ ಎಲ್ಲಾ ಕೇಳ್ತೈತಿ, ಜನಾನ ಈಗ ಸಣ್ಣಗ ಮಾತಾಡ್ತಾರ ಎಂಬುದು ಅವಳ ವಾದ. ನಾವೂ ನಕ್ಕು ಸುಮ್ಮನಾದೆವು.

ಆಮೇಲೆ ಆ ದಿನ ಬಂತು. ಪಕ್ಕದ ಮನೆಯ ಕಿರಾಣಿ ಅಂಗಡಿಯ ಬಸಣ್ಣನ ತಾಯಿ ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ಅತ್ತೆಗೆ ಜೀವದ ಗೆಳತಿ. ಬೆಳಿಗ್ಗೆ ಬಸಣ್ಣ ಜಗಲಿಯ ಮುಂದೆ ನಿಂತು, ತಲೆ ತಗ್ಗಿಸಿ, ಅವ್ವ ಹೋದಳು ಎಂದ. ಅತ್ತೆ ಮುಖ ಅರಳಿಸಿ, "ಚಲೋ ಆತು ಬಿಡಪ್ಪ. ಎಲ್ಲಾರಿಗೂ ಸಕ್ಕರಿ ಹಂಚು" ಎಂದಳು. ಗೆಳತಿ ಗುಣವಾಗಿ ಮನೆಗೆ ಬಂದಳೆಂದು ಅವಳು ತಿಳಿದಿದ್ದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಮರೆಯುತ್ತಿದ್ದಳೇನೋ. ಎಲ್ಲರ ಮುಖ ನೋಡಿ ಅವಳಿಗೇ ಅರ್ಥವಾಯಿತು. ಎದ್ದು ಒಳಗೆ ಹೋದವಳು ಮತ್ತೆ ಜಗಲಿಗೆ ಬರಲಿಲ್ಲ. ಬಸಣ್ಣ ನನಗೇನೂ ಬೇಜಾರಿಲ್ಲ ಎಂದು ಮಾವನ ಹತ್ತಿರ ಎಷ್ಟೋ ಸಲ ಹೇಳಿಕಳಿಸಿದ. ಅದು ಬಸಣ್ಣನ ಮಾತಾಯಿತು. ಅತ್ತೆ ತನ್ನ ಮಾತು ಹೇಳಬೇಕಲ್ಲ? ಹೇಳಬೇಕೆಂದರೆ ತನಗೆ ಕಿವಿ ಕೇಳಿಸುವುದಿಲ್ಲವೆಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಅದೊಂದು ಅವಳಿಂದ ಆಗದು. ಹೀಗೆ ಮೂರು ವರ್ಷ ಅಡುಗೆಮನೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಬಸಣ್ಣ ಇರಲಿ, ಅವನ ನೆರಳು ಬಾಗಿಲಲ್ಲಿ ಕಂಡರೂ ಒಳಗಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ಮನೆಯಲ್ಲಿ ಹೀಗಿರುವಾಗ ಈ ಮನುಷ್ಯ ಪಡಸಾಲೆಗೆ ಆಟದ ಯಂತ್ರ ತಂದಿಟ್ಟ ಎಂದರೆ ನನ್ನ ಮೈ ಉರಿಯದೆ ಇನ್ನೇನಾಗುತ್ತದೆ? ನೀವೇ ಹೇಳಿ.

ಯಂತ್ರದ ಹಿಂಭಾಗದಲ್ಲಿ ನಿಂತ ಗಾಜಿನ ಮೇಲೆ ಒಂದು ಚಿತ್ರವಿತ್ತು. ಯಾವುದೋ ಪರದೇಶದ ಹೆಂಗಸು, ದೊಡ್ಡ ಮೀನಿನ ಮೇಲೆ ಕೂತಿದ್ದಾಳೆ. ಮೈಮೇಲೆ ಇರಬೇಕಾದಷ್ಟು ಬಟ್ಟೆ ಇಲ್ಲ. ಜನ ಬರುವ ಮೊದಲೇ ಅತ್ತೆ ಅದನ್ನು ನೋಡಿದಳು, ಟ್ರಂಕಿನಿಂದ ಹಸಿರು ಖಣ ತೆಗೆದು, ಅಳತೆಗೆ ಕತ್ತರಿಸಿ, ಗಾಜಿನ ಮೇಲೆ ಗೋಂದು ಹಚ್ಚಿ ಅವಳಿಗೆ ಕುಪ್ಪಸ ತೊಡಿಸಿದಳು. ಒಳಗೆ ದೀಪ ಹತ್ತಿದರೆ ಖಣದ ಅಂಚು ಝಗಝಗ ಹೊಳೆಯುತ್ತಿತ್ತು. ಎದುರು ಮನೆಯ ಹಾಲವ್ವ, ಕುರಿ ಸಾಕುವ ಮನೆತನದವಳು, ಮೊದಲ ಸಲ ಒಳಗೆ ಬಂದವಳೇ ಚಪ್ಪಲಿ ಬಿಟ್ಟು ಕೈಮುಗಿದಳು. ಮೀನಿನ ಮೇಲೆ ಕೂತ, ಖಣ ತೊಟ್ಟ ಹೆಂಗಸು ಗಂಗಮ್ಮನಲ್ಲದೆ ಮತ್ಯಾರು? ಮಾರನೆಯ ದಿನದಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟರು. ಮಾವ ತಿದ್ದಲು ಹೋಗಲಿಲ್ಲ. ನೆಲ ಸ್ವಚ್ಛ ಇರತೈತಿ ಎಂದ.

ಆಯುಧ ಪೂಜೆಯ ದಿನ ಹಾಲವ್ವನೇ ಮುಂದೆ ನಿಂತು ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಮಾಡಿಸಿದಳು. ಟ್ರ್ಯಾಕ್ಟರಿನ ಗಾಲಿಗೆ ಇಡುವಂತೆ ಇದರ ನಾಲ್ಕೂ ಕಾಲಿಗೆ ನಿಂಬೆಹಣ್ಣು ಇಟ್ಟರು. ಗಾಡಿಯಾದರೆ ಮುಂದೆ ಓಡುತ್ತದೆ, ಹಣ್ಣು ಒಡೆಯುತ್ತದೆ. ಇದು ಎಲ್ಲಿ ಓಡೀತು? ನಾಲ್ಕು ಜನ ಸೇರಿ ಎತ್ತಿ ಹಣ್ಣಿನ ಮೇಲೆ ಇಳಿಸಿ, ಗಂಗಮ್ಮ ಕಾಪಾಡವ್ವ ಎಂದರು. ಆ ಸಂಜೆಯಿಂದ ಯಾರು ಮುಟ್ಟಿದರೂ ಟಿಲ್ಟ್. ಮುಟ್ಟದಿದ್ದರೂ ಟಿಲ್ಟ್. ಮಾವ ಹತ್ತು ದಿನ ಯಂತ್ರದ ಹೊಟ್ಟೆ ಬಗೆದ. ತಂತಿ ತಂತಿ ಬಿಚ್ಚಿ ಕಟ್ಟಿದ. ಒಳ್ಳೆಯ ಕಾಯಿಲುಗಳನ್ನೂ ಕಿತ್ತು ಮತ್ತೆ ಸುತ್ತಿದ. ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ತಾಸುಗಟ್ಟಲೆ ಕಣ್ಣು ಮುಚ್ಚಿದ. ಕೊನೆಗೆ ಕಸ ಗುಡಿಸಲು ಬಗ್ಗಿದ ಅತ್ತೆ, ಹಿಂದಿನ ಎಡಗಾಲಿನ ಕೆಳಗಿನಿಂದ ಅರ್ಧ ಒಣಗಿದ ನಿಂಬೆಹಣ್ಣನ್ನು ಪೊರಕೆ ಕಡ್ಡಿಯಲ್ಲಿ ಮೀಟಿ ತೆಗೆದು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು. ಯಂತ್ರ ನೆಟ್ಟಗಾಯಿತು. ಮಾವ ಆ ಹಣ್ಣನ್ನು ಇಂದಿಗೂ ತನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ.

ಆಮೇಲೆ ಗಂಟೆಗಳ ಹುಚ್ಚು ಶುರುವಾಯಿತು. ಯಂತ್ರದ ಸ್ವಂತ ಗಂಟೆ ಚೆನ್ನಾಗಿಯೇ ಇತ್ತು. ಅದನ್ನು ತೆಗೆದು ಸೈಕಲ್ ಬೆಲ್ ಹಾಕಿದ. ಮುಂದಿನ ಭಾನುವಾರ ನೋಡಿದರೆ ಹಳೆಯ ಟೆಲಿಫೋನಿನ ಗಂಟೆ. ಅದರ ಮುಂದಿನ ವಾರ ಮಂಗಳಾರತಿಯ ಗಂಟೆ, ಆಮೇಲೆ ಎತ್ತಿನ ಕೊರಳ ಗಂಟೆ. ಆಡುವವರು ಕಿವಿಗೆ ಹತ್ತಿ ಇಟ್ಟುಕೊಂಡು ಬರತೊಡಗಿದರು. ಆ ಭಾನುವಾರ ಜನ ಬರುವ ಮೊದಲೇ ನನ್ನ ತಾಳ್ಮೆ ತಪ್ಪಿತು. ಮಕ್ಕಳಿಗೆ ಬೈಯುವ ದನಿಯಲ್ಲಿಯೇ ಹಿರಿಯನಿಗೆ ಬೈದೆ. "ಅತ್ತಿ ಅಲ್ಲಿ ಒಬ್ಬಾಕಿನ ಗ್ವಾಡಿ ನೋಡ್ಕೋಂತ ಕುಂತಾಳ. ನಿನಗ ಗಂಟಿ ಚಿಂತಿ ಹತ್ತೈತಿ" ಎಂದೆ.

ಮಾವ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಗಂಟೆಯನ್ನು ಪಂಚೆಯಲ್ಲಿ ಒರೆಸುತ್ತ, "ಪ್ರತಿ ಗಂಟಿ ಹೊಡದಾಗ ನಾ ಯಾವ ಕಡೆ ನೋಡ್ತೀನಿ, ನೀ ನೋಡೀಯೇನು?" ಎಂದು ಕೇಳಿದ.

ನಾನು ನೋಡಿರಲಿಲ್ಲ. ಅವನು ಅಡುಗೆಮನೆಯ ಬಾಗಿಲು ನೋಡುತ್ತಿದ್ದ. ಯಾವ ದನಿ ಅವಳಿಗೆ ಇನ್ನೂ ಮುಟ್ಟುತ್ತದೆ ಎಂದು ಒಂದೊಂದಾಗಿ ಹುಡುಕುತ್ತಿದ್ದ. ಒಂದಾದರೂ ಕೇಳಿಸಿದರೆ ತಿರುಗಿ ನೋಡುತ್ತಾಳೆ, ತಿರುಗಿ ನೋಡಿದರೆ ಎದ್ದು ಬರುತ್ತಾಳೆ, ಬಂದರೆ ಅಲ್ಲಿ ಆಡಲು ಬಂದ ಬಸಣ್ಣ ಇರುತ್ತಾನೆ. ಇಷ್ಟು ಅವನ ಲೆಕ್ಕ. ಗಣಿತದವಳಾದ ನನಗೆ ಅದು ಹೊಳೆದಿರಲಿಲ್ಲ ಎಂಬುದು ನನಗೆ ಬಹಳ ದಿನ ಚುಚ್ಚಿತು.

ಉಳಿದದ್ದು ಒಂದೇ ಗಂಟೆ, ಹಾಲವ್ವನ ಟಗರಿನದು. ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಲ್ಲಿ ಕಟ್ಟುವ ದಪ್ಪ ದನಿಯ ಗಂಟೆ. ಅವಳು ಅದನ್ನು ಬಿಚ್ಚಿ ಕೊಟ್ಟಳು. ಅವತ್ತು ಸಂಜೆ ಬಸಣ್ಣನ ಸರದಿ. ಗುಂಡು ಗುಬುಟುಗಳ ನಡುವೆ ಸಿಕ್ಕಿಕೊಂಡು ಗಂಟೆ ಎಡೆಬಿಡದೆ ಬಾರಿಸಿತು. ಅಷ್ಟರಲ್ಲಿ ಹೊಲದಿಂದ ಮರಳುತ್ತಿದ್ದ ಹಾಲವ್ವನ ಹಿಂಡು ಓಣಿಗೆ ಬಂತು. ಗಂಟೆಯಿಲ್ಲದ ಟಗರಿಗೆ ಯಾರು ಬೆಲೆ ಕೊಡುತ್ತಾರೆ? ಕುರಿಗಳೆಲ್ಲ ಗಂಟೆಯ ದನಿ ಬಂದ ಕಡೆ ತಿರುಗಿ, ಮೆಟ್ಟಿಲು ಹತ್ತಿ, ಬಿಟ್ಟ ಚಪ್ಪಲಿಗಳನ್ನು ತುಳಿದು, ಪಡಸಾಲೆಯಲ್ಲಿ ತುಂಬಿಕೊಂಡವು. ಬಸಣ್ಣ ಸ್ಟೂಲಿನ ಮೇಲೆ ಹತ್ತಿ ನಿಂತ. ಹಾಲವ್ವ ಕುರಿಗಳಿಗೂ ಗಂಗಮ್ಮನಿಗೂ ಒಟ್ಟಿಗೆ ಕೈಮುಗಿದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಮಾವನ ಮುಖ ನೋಡಿದೆ. ಅವನು ಬಾಗಿಲು ನೋಡುತ್ತಿದ್ದ. ಮುಚ್ಚಿದ ಬಾಗಿಲ ಸಂದಿಯಲ್ಲಿ ಇಣುಕಿದರೆ, ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಓಣಿಯ ತುದಿಯ ಕುರಿಗಳಿಗೆ ಕೇಳಿಸಿದ ಗಂಟೆ ಹತ್ತು ಹೆಜ್ಜೆಯ ಆಚೆ ಕೂತವಳಿಗೆ ಕೇಳಿಸಿರಲಿಲ್ಲ. ಅಂದು ರಾತ್ರಿಯೂಟಕ್ಕೆ ಮೊದಲೇ ಮಾವ ಎಲ್ಲ ಗಂಟೆಗಳನ್ನೂ ಬಿಚ್ಚಿ ಹಿಂದಿರುಗಿಸಿದ.

ಎರಡು ವಾರ ಯಂತ್ರ ಸುಮ್ಮನಿತ್ತು. ಮೂರನೆಯ ಭಾನುವಾರ ಹೋದಾಗ ಅದು ಪಡಸಾಲೆಯ ನಡುವಿನಿಂದ ಸರಿದು, ಅಡುಗೆಮನೆಯ ಗೋಡೆಗೆ ಒತ್ತಿ ನಿಂತಿತ್ತು. ಮಾವ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಅಲ್ಲಿಂದಲೇ ಮಾತಾಡಿದ.

"ನಾ ಎಂಥ ಹುಚ್ಚ ಲೇ. ನಲವತ್ತು ವರ್ಷ ಮೋಟಾರು ಕಿವೀಲೆ ಕೇಳೇನೇನು? ಎಲುಬಿಲೆ ಕೇಳೇನಿ. ಇಕಿಗೂ ಎಲುಬು ಅದಾವಲ್ಲ."

ಮೂರು ಸಾವಿರ ಅಂಕ ದಾಟಿದವರಿಗೆ ಈ ಯಂತ್ರ ಒಂದು ಪುಕ್ಕಟೆ ಆಟ ಕೊಡುತ್ತದಂತೆ. ಕೊಡುವಾಗ ಒಳಗಿನ ಒಂದು ಕಬ್ಬಿಣದ ಕಡ್ಡಿ ಪೆಟ್ಟಿಗೆಯ ಮರಕ್ಕೆ ಒಮ್ಮೆ ಜೋರಾಗಿ ಬಡಿಯುತ್ತದೆ. ಆ ಕಡ್ಡಿಯ ಕಾಯಿಲು ಸುಟ್ಟಿತ್ತು. ಇಷ್ಟು ದಿನ ಅದು ಯಾರಿಗೂ ಬೇಕಾಗಿರಲಿಲ್ಲ, ಯಾಕೆಂದರೆ ಇಡೀ ಓಣಿಯಲ್ಲಿ ಎರಡು ಸಾವಿರ ದಾಟಿದವರೇ ಇರಲಿಲ್ಲ. ಈಗ ಅದಕ್ಕೆ ದಪ್ಪ ತಂತಿ ಸುತ್ತಿ ಕೂರಿಸಿದ. ಪೆಟ್ಟಿಗೆಗೆ ಬಡಿದರೆ ಗೋಡೆಗೆ ಬಡಿದಂತೆ. ಗೋಡೆಯ ಆಚೆ ಅತ್ತೆಯ ಬೆನ್ನು.

ಹಾಗಾದರೆ ಕೈಯಿಂದಲೇ ಕಡ್ಡಿ ಬಡಿಸಿದರೆ ಆಯಿತಲ್ಲ ಎಂದೆ. ಅಂಕವನ್ನಾದರೂ ಇಳಿಸು ಎಂದೆ. ಅವನು ಕೆಳಗಿನಿಂದ ತಲೆ ಹೊರಗೆ ಹಾಕಿ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದ. "ಸುಮ್ಮಸುಮ್ಮನ ಬಾಗಿಲಾ ಬಡದು ಕರೀಬಾರದು. ಆಕಿ ಎದ್ದು ಬಂದ್ರ ಇಲ್ಲಿ ಏನರ ಆಗಿರಬೇಕು" ಎಂದ.

ಸುದ್ದಿ ಓಣಿಗೆ ಗೊತ್ತಾಯಿತು. ಅಲ್ಲಿಂದ ಆಟದ ಧಾಟಿಯೇ ಬದಲಾಯಿತು. ನಗು ಕಡಿಮೆಯಾಯಿತು. ಪರೀಕ್ಷೆಗೆ ಕೂತವರಂತೆ ಒಬ್ಬೊಬ್ಬರೂ ಕೈ ತೊಳೆದು ಬಂದು ನಿಲ್ಲುತ್ತಿದ್ದರು. ಹಾಲವ್ವ ಒಂದು ಸಾವಿರದ ಎಂಟುನೂರಕ್ಕೆ ಬಂದು, ಆಸೆ ತಡೆಯದೆ ಪೆಟ್ಟಿಗೆಯನ್ನು ಸೊಂಟದಿಂದ ನೂಕಿ ಟಿಲ್ಟ್ ಮಾಡಿಕೊಂಡು, ಬಾಯಿಗೆ ಬಂದಂತೆ ಬೈದು, ಗೋಡೆಯ ಮೇಲಿನ ಮೂರನೆಯ ನಿಯಮವನ್ನು ಚೂರುಚೂರು ಮಾಡಿದಳು. ನಾನೂ ಆಡಿದೆ. ಹೌದು, ನಾನೇ! ಕೋನ, ವೇಗ ಎಲ್ಲ ಲೆಕ್ಕ ಹಾಕಿ ಆಡಿದೆ. ಇನ್ನೂರ ನಲವತ್ತು ಬಂತು. ಅದಾದ ಮೇಲೆ ಶಾಲೆಯಲ್ಲಿ ಆಟದ ಪಿರಿಯಡ್ಡು ಕಸಿಯುವುದನ್ನು ಬಿಟ್ಟಿದ್ದೇನೆ.

ದಿನವೂ ಆಡಿದವನು ಬಸಣ್ಣ. ಅಂಗಡಿಯ ಬಾಗಿಲು ಅರ್ಧ ಎಳೆದು ಬರುತ್ತಿದ್ದ. ಮೂರು ಗುಂಡು ಆಡುತ್ತಿದ್ದ, ಅಡುಗೆಮನೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ಹೋಗುತ್ತಿದ್ದ. ಹೀಗೆ ಚಳಿಗಾಲ ಕಳೆಯಿತು.

ಅವತ್ತೂ ಭಾನುವಾರವೇ. ಬಸಣ್ಣನ ಕೊನೆಯ ಗುಂಡು ಎಷ್ಟು ಹೊತ್ತಾದರೂ ಕೆಳಗೆ ಬೀಳಲೊಲ್ಲದು. ಎರಡು ಸಾವಿರ ದಾಟಿತು. ಎರಡು ಸಾವಿರದ ಐನೂರು ದಾಟಿತು. ಹಾಲವ್ವ ಗಾಜಿನ ಹೆಂಗಸಿನ ಮುಂದೆ ಸೆರಗೊಡ್ಡಿ ನಿಂತಳು. ಬಸಣ್ಣನ ಬೆವರು ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಲು ಕೈ ಬಿಡುವಂತಿಲ್ಲ. ಅಂಕದ ಚಕ್ರಗಳೆಲ್ಲ ಒಟ್ಟಿಗೆ ಉರುಳಿ ಮೂರು ಸಾವಿರ ದಾಟಿದವು. ಪೆಟ್ಟಿಗೆಯೊಳಗೆ ಕಡ್ಡಿ ಬಡಿಯಿತು.

ಬೋರ್‌ವೆಲ್ಲಿನ ಕೈ ಎಂದು ಮೊದಲೇ ಹೇಳಿದೆನಲ್ಲ. ಗೋಡೆಯಿಂದ ಸುಣ್ಣದ ಹಕ್ಕಳೆ ಉದುರಿತು. ಆಚೆ ಕಡೆ ಸ್ಟೀಲಿನ ಡಬ್ಬಿಗಳು ಗಡಗಡ ಅಲುಗಿ, ಅವುಗಳಲ್ಲಿ ಒಂದು ಕೆಳಗೆ ಬಿತ್ತು.

ಬಾಗಿಲು ತೆರೆಯಿತು. ಅತ್ತೆ ಒಂದು ಕೈಯನ್ನು ಬೆನ್ನ ಹಿಂದೆ ಒತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಗ್ವಾಡಿ ಯಾರು ಬಡದ್ರಿ ಎಂದು ಕೇಳಿದಳು. ಯಂತ್ರದ ಮುಂದೆ ಇನ್ನೂ ಬಟನ್ ಒತ್ತಿಕೊಂಡೇ ನಿಂತಿದ್ದ ಬಸಣ್ಣನನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಮಾವ ಹೋಗಿ ಅವಳ ಕೈ ಹಿಡಿದು ಕರೆತಂದ. ಅಂಗೈಯನ್ನು ಬಿಡಿಸಿ ಪೆಟ್ಟಿಗೆಯ ಮರದ ಅಂಚಿನ ಮೇಲಿಟ್ಟ. ಆಡು ಎಂದು ಬಸಣ್ಣನಿಗೆ ಕಣ್ಣಿನಲ್ಲೇ ಹೇಳಿದ.

ಬಸಣ್ಣ ಬಟನ್ ಬಿಟ್ಟು ಆ ಗುಂಡನ್ನು ಕೆಳಗೆ ಇಳಿಸಿ, ಪುಕ್ಕಟೆ ಆಟ ಶುರು ಮಾಡಿದ. ಗುಂಡು ಗುಬುಟಿಗೆ ಬಡಿದಾಗ ಅತ್ತೆ ಬೆಚ್ಚಿ ಕೈ ಎತ್ತಿದಳು. ಮತ್ತೆ ತಾನೇ ಇಟ್ಟಳು. ಆಮೇಲೆ ಇನ್ನೊಂದು ಕೈಯನ್ನೂ ಇಟ್ಟಳು. ಗುಂಡು ಎಲ್ಲೆಲ್ಲಿ ಬಡಿಯುತ್ತದೋ ಅಲ್ಲಲ್ಲಿಗೆ ಅವಳ ಕಣ್ಣು ಓಡುತ್ತಿತ್ತು. ಮೂರು ವರ್ಷದಲ್ಲಿ ಅವಳ ಮುಖದ ಮೇಲೆ ಅಂಥ ಗಮನವನ್ನು ನಾನು ನೋಡಿರಲಿಲ್ಲ. ಹೊರಗೆ ಏನೋ ಆಗುತ್ತಿದೆ, ಅದು ತನ್ನನ್ನು ಬಿಟ್ಟು ಆಗುತ್ತಿಲ್ಲ ಎಂಬ ಗಮನ.

ಹಾಗೆಯೇ ಗಾಜು ನೋಡುತ್ತ, ಯಾರ ಮುಖವನ್ನೂ ನೋಡದೆ ಅವಳು ಹೇಳಿದಳು.

"ಬಸಣ್ಣ, ಅವತ್ತು ನೀ ಹೇಳಿದ್ದು ನನಗ ಕೇಳಲಿಲ್ಲಪ್ಪ. ನನಗ ಕಿವಿ ಕೇಳಂಗಿಲ್ಲ. ನಿಮ್ಮವ್ವ ಹೋದಳಂದ್ರ ನಾ ಹಂಗ ಅಂತಿದ್ನೇನು?"

ಗುಂಡು ಎರಡು ರೆಕ್ಕೆಗಳ ನಡುವಿನಿಂದ ಕೆಳಗೆ ಹೋಯಿತು. ಬಸಣ್ಣ ಬಾಯಿ ತೆರೆದ. ಏನು ಹೇಳಿದರೂ ಅವಳಿಗೆ ಮುಟ್ಟದೆಂದು ನೆನಪಾಗಿ ಮುಚ್ಚಿದ. ಕಣ್ಣು ಒರೆಸಿಕೊಂಡ. ಆಮೇಲೆ ಬೆರಳು ಮಡಚಿ, ಅವಳ ಅಂಗೈಯ ಪಕ್ಕದಲ್ಲೇ, ಮರದ ಮೇಲೆ ಮೆಲ್ಲಗೆ ಎರಡು ಸಲ ಬಡಿದ.

ಅತ್ತೆ ಹೂಂ ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನೊಂದು ಗುಂಡು ಐತಿ, ಆಡಪ್ಪ ಎಂದಳು.

ಹಾಲವ್ವ ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಮುಚ್ಚಿಟ್ಟು ಏನು ಪ್ರಯೋಜನ? ಮಾವ ಮಾತ್ರ ಯಾರ ಕಡೆಗೂ ನೋಡದೆ, ಮೂಲೆಯಲ್ಲಿ ಕೂತು, ಸಾಮಾನಿನ ಪೆಟ್ಟಿಗೆಯಲ್ಲಿ ತನ್ನ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಅದು ಅವನ ಕೈಯಲ್ಲೇ ಇತ್ತು.